ಆಯ್ತಣ್ಣನ ವ್ಯವಸ್ಥೆ

ಅವನಿಗೆ ಆಯ್ತಣ್ಣ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ಗೊತ್ತಿಲ್ಲ. ಇಟ್ಟವರು ಮಾತ್ರ ಸುಮ್ಮನೆ ಇಟ್ಟಿರಲಿಲ್ಲ. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು ಒಂದೇ ಮಾತು, ‘ಆಯ್ತು’. ಬೇಸಿಗೆಯ ಸಂಗೀತೋತ್ಸವಕ್ಕೆ ಬರುವವರಿಗೆಲ್ಲ ಮಲಗಲು ಜಾಗ ಬೇಕು ಎಂದರೂ ಆಯ್ತು, ಪಿಟೀಲಿನವರಿಗೆ ರೈಲಿನಲ್ಲಿ ಕಿಟಕಿ ಪಕ್ಕದ ಸೀಟೇ ಆಗಬೇಕಂತೆ ಎಂದರೂ ಆಯ್ತು. ನಾಳೆ ಸೂರ್ಯ ಸ್ವಲ್ಪ ತಡವಾಗಿ ಹುಟ್ಟಲಿ ಎಂದು ಯಾರಾದರೂ ಕೇಳಿದ್ದರೆ ಅದಕ್ಕೂ ಆಯ್ತು ಎನ್ನುತ್ತಿದ್ದನೇನೋ. ನಮ್ಮ ಭಾಷೆಯಲ್ಲಿ ಈ ಮಾತಿಗೆ ಎರಡು ಅರ್ಥ. ಕೆಲಸ ಮುಗಿದಿದೆ ಎನ್ನುವುದಕ್ಕೂ ಆಯ್ತು, ಸರಿ ಮಾಡುತ್ತೇನೆ ಎನ್ನುವುದಕ್ಕೂ ಆಯ್ತು. ಬೇರೆಯವರ ಬಾಯಲ್ಲಿ ಈ ಎರಡರ ನಡುವೆ ವರ್ಷಗಟ್ಟಲೆ ಅಂತರ ಇರುತ್ತದೆ, ಮನೆಗೆ ಬಡಗಿಯನ್ನು ಕರೆಸಿದವರಿಗೆಲ್ಲ ಇದು ಗೊತ್ತು. ಆಯ್ತಣ್ಣನ ಬಾಯಲ್ಲಿ ಅಂತರವೇ ಇರಲಿಲ್ಲ. ಅವನು ಆಯ್ತು ಅಂದರೆ ಆದ ಹಾಗೆಯೇ. ಮೂರನೆಯ ಅರ್ಥವೂ ಒಂದಿದೆ, ಇನ್ನೇನೂ ಉಳಿದಿಲ್ಲ ಎನ್ನುವುದು, ಅದು ಆಮೇಲೆ.

ಬಸ್ ನಿಲ್ದಾಣದ ಎದುರು ಒಂದು ಬಾಗಿಲಿನಷ್ಟೇ ಅಗಲದ ಟಿಕೆಟ್ ಬುಕಿಂಗ್ ಅಂಗಡಿ ಅವನದು. ವರ್ಷವಿಡೀ ಜನರನ್ನು ಬಸ್ಸು ರೈಲು ಹತ್ತಿಸುವುದು, ಬೇಸಿಗೆ ಬಂತೆಂದರೆ ಉತ್ಸವದ ಜನರನ್ನು ಇಳಿಸಿಕೊಳ್ಳುವುದು. ವಾರವಿಡೀ ನಡೆಯುವ ಉತ್ಸವ. ಹಾಡುವವರು, ನುಡಿಸುವವರು, ಅವರ ಶಿಷ್ಯರು, ಕೇಳಲೆಂದೇ ರಜೆ ಹಾಕಿ ಬರುವವರು. ಇವರೆಲ್ಲ ಯಾವ ಗಾಡಿಗೆ ಬರುತ್ತಾರೆ, ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ ಎನ್ನುವುದಷ್ಟೂ ಅವನ ತಲೆಯಲ್ಲಿ. ಪೆನ್ನು ಮುಟ್ಟುತ್ತಿರಲಿಲ್ಲ. “ಬರೆದಿಟ್ಟುಕೊಳ್ಳೋದು ಮರೆಯೋರ ಕೆಲಸ” ಎನ್ನುತ್ತಿದ್ದ. ಗೊರಕೆಯವರನ್ನೆಲ್ಲ ಮೇಲಿನ ಮಹಡಿಯ ಕೊನೆಗೆ ಹಾಕುತ್ತಿದ್ದ. ಮಾತಾಡಿ ಮಾತಾಡಿ ತಲೆ ತಿನ್ನುವ ವಿಮರ್ಶಕರೊಬ್ಬರಿದ್ದರು, ಅವರ ರೂಮಿಗೆ ಪ್ರತಿವರ್ಷ ಕಿವಿ ಮಂದವಾದ ಒಬ್ಬ ನಿವೃತ್ತ ಮೇಷ್ಟ್ರು. ಕಿವಿ ಮಂದವಾದವರು ಸಂಗೀತಕ್ಕೆ ಏಕೆ ಬರುತ್ತಿದ್ದರು ಎಂದು ಕೇಳಬೇಡಿ, ಊಟ ಚೆನ್ನಾಗಿರುತ್ತಿತ್ತು. ವಾರ ಮುಗಿದ ಮೇಲೆ ಇಬ್ಬರೂ, ಇಂಥ ಜೊತೆ ಜನ್ಮದಲ್ಲಿ ಸಿಕ್ಕಿರಲಿಲ್ಲ ಎಂದು ಕೈಕುಲುಕಿ ಹೊರಡುತ್ತಿದ್ದರು.

ಊರಿಗೆಲ್ಲ ಅವನು ಅಣ್ಣನಾದ್ದರಿಂದ ಅವನ ಹೆಂಡತಿ ಊರಿಗೆಲ್ಲ ಅತ್ತಿಗೆ. ಅವಳು ಕಾಲೇಜಿನ ಹಾಸ್ಟೆಲಿನಲ್ಲಿ ಹಾಸಿಗೆ ಹೊದಿಕೆಗಳ ಉಸ್ತುವಾರಿ. ಬೇಸಿಗೆಯಲ್ಲಿ ಹುಡುಗರು ಊರಿಗೆ ಹೋದಾಗ ಅದೇ ಹಾಸ್ಟೆಲು ಉತ್ಸವದ ಅತಿಥಿಗೃಹ. ಹುಡುಗರ ಎಣ್ಣೆತಲೆಯ ಕಲೆ ಬಿದ್ದ ದಿಂಬಿನ ಚೀಲಗಳನ್ನು ಬಿಸಿನೀರಿನಲ್ಲಿ ನೆನೆಸಿ, ಹರಿದದ್ದಕ್ಕೆ ಹೊಲಿಗೆ ಹಾಕಿ, ಒಬ್ಬೊಬ್ಬ ಕಲಾವಿದರ ತಲೆಯಡಿಗೆ ಇಡುವುದು ಅವಳ ಕೆಲಸ. ಅವಳಿಗೂ ಒಂದು ಹೆಸರಿತ್ತು. ಅದನ್ನು ಕರೆಯುವವರು ಇರಲಿಲ್ಲ ಅಷ್ಟೇ. ಗಂಡನಂತೂ ಮದುವೆಯಾದಂದಿನಿಂದ ‘ಏ ಇವಳೇ’ ಎನ್ನುವವನು, ಅವಳು ‘ರೀ’ ಎನ್ನುವವಳು. ಮಕ್ಕಳಿಲ್ಲದ ಎರಡು ಕೋಣೆಯ ಮನೆಯಲ್ಲಿ ‘ಇವಳೇ’ ಎಂದರೆ ತಿರುಗಿ ನೋಡುವವಳು ಒಬ್ಬಳೇ, ಹೆಸರಿನ ಅಗತ್ಯವೇ ಬೀಳಲಿಲ್ಲ. ಸಿಟ್ಟು ಬಂದಾಗ ಅವಳು, “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ಗೊಣಗುತ್ತಿದ್ದಳು. ಅವನು ಅದಕ್ಕೂ ಆಯ್ತು ಎನ್ನುತ್ತಿದ್ದ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಉತ್ಸವದ ಕಾರ್ಯದರ್ಶಿ ಮನೆಗೆ ಬಂದರು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಎದುರಿಗಿದ್ದವರು ಬಾಯಿ ತೆರೆದರೆ ಕಣ್ಣು ನೇರ ದವಡೆಗೇ ಹೋಗುತ್ತದೆ.

“ಅಣ್ಣಾ, ಅಡುಗೆಯವರಿಗೆ ಹೇಳಿದ್ರಾ?”

“ಆಯ್ತು.”

“ಹಿರಿಯ ಗಾಯಕಿ ದೊಡ್ಡಮ್ಮ ಈ ಸಲ ಕೊನೇ ದಿನ ಹಾಡ್ತಾರೆ. ಅವರ ರೈಲು?”

“ಆಯ್ತು.”

ಕಾರ್ಯದರ್ಶಿ ನಿಶ್ಚಿಂತೆಯಿಂದ ಎದ್ದು ಹೋದರು. ಬಾಗಿಲು ಹಾಕಿ ಬಂದ ಅತ್ತಿಗೆ, ಮಾತಿಗೆ ಮಾತು ಎನ್ನುವಂತೆ, “ಯಾವ ಅಡುಗೆಯವರಿಗೆ ಹೇಳಿದ್ರಿ?” ಎಂದು ಕೇಳಿದಳು.

“ಇನ್ಯಾರಿಗೆ? ನಮ್ಮ ದಪ್ಪ ಅಡುಗೆಯವನಿಗೇ. ನಿನ್ನೆ ಸಂಜೆ ಸಿಕ್ಕಿದ್ದ. ಬರ್ತೀನಿ ಅಂದ.”

ದಪ್ಪ ಅಡುಗೆಯವನು ಸತ್ತು ಎರಡನೆಯ ಬೇಸಿಗೆ ಅದು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಆಯ್ತಣ್ಣನೂ ಒಬ್ಬ. ಮನೆಗೆ ಬಂದು, ಸತ್ತರೂ ತೂಕ ಇಳಿಸಲಿಲ್ಲ ಪುಣ್ಯಾತ್ಮ ಎಂದು ಅತ್ತು, ಅತ್ತದ್ದಕ್ಕೆ ತಾನೇ ನಕ್ಕಿದ್ದ. ಅವಳು ಅದನ್ನು ನೆನಪಿಸಲಿಲ್ಲ. ಅವನ ಮುಖ ನೋಡಿದಳು. ಒಂದು ಕೆಲಸ ಮುಗಿಸಿದವನ ಸಮಾಧಾನ ಅದರಲ್ಲಿತ್ತು.

ಆಮೇಲೆ ಹಿಂದಿನದೆಲ್ಲ ಒಂದೊಂದಾಗಿ ಅವಳಿಗೆ ಅರ್ಥವಾಯಿತು. ಅಂಗಡಿಗೆ ಹೋಗಲು ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತುಬಿಡುತ್ತಿದ್ದುದು, ಬೀಗದ ಕೈ ಸಕ್ಕರೆ ಡಬ್ಬದಲ್ಲಿ ಸಿಕ್ಕಿದ್ದು, ಕೇಳಿದ್ದನ್ನೇ ಕೇಳುತ್ತಿದ್ದುದು. ಇಷ್ಟು ದಿನ ಯಾರಿಗೂ ಗೊತ್ತಾಗದೇ ಇದ್ದದ್ದು ಹೇಗೆ? ಹೇಗೆಂದರೆ, ಅವನ ಉತ್ತರ ಬದಲಾಗಿರಲೇ ಇಲ್ಲ. ಮೊದಲೂ ಆಯ್ತು ಎನ್ನುತ್ತಿದ್ದ, ಈಗಲೂ ಆಯ್ತು ಎನ್ನುತ್ತಿದ್ದ. ಒಳಗಿನ ಸಾಮಾನೆಲ್ಲ ಖಾಲಿಯಾದರೂ ಅಂಗಡಿಯ ಬೋರ್ಡು ಹಾಗೇ ಇತ್ತು.

ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಅವನನ್ನು ಏನೇನೋ ಕೇಳಿದರು. ಅತ್ತಿಗೆಯನ್ನು ತೋರಿಸಿ, “ಇವರು ಯಾರು?” ಎಂದರು. “ಯಾರು ಅಂದ್ರೇನು ಡಾಕ್ಟ್ರೇ, ನಮ್ಮನೆಯವರು” ಎಂದ, ಇದೆಂಥಾ ಪ್ರಶ್ನೆ ಎನ್ನುವಂತೆ. ಅವನನ್ನು ಹೊರಗೆ ಕೂರಿಸಿ ಬಂದ ಮೇಲೆ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ.

“ಇದು ವಾಪಸ್ ಬರೋ ದಾರಿ ಅಲ್ಲಮ್ಮ. ಮಾತ್ರೆ ಕೊಡ್ತೀನಿ, ಸ್ವಲ್ಪ ನಿಧಾನ ಆಗಬಹುದು. ಹೊಸದು ಮೊದಲು ಹೋಗುತ್ತೆ, ಹಳೇದು ಕೊನೇಲಿ.”

“ಎಲ್ಲಾನೂ ಹೋಗುತ್ತಾ?”

ಡಾಕ್ಟರು ಮಾತ್ರೆಯ ಚೀಟಿ ಬರೆಯುತ್ತಾ ಕೂತರು.

ಅವನ ಅಪ್ಪನಿಗೂ ಕೊನೆಗಾಲದಲ್ಲಿ ಹೀಗೇ ಆಗಿತ್ತು. ಬೀದಿಯ ಜನ ಆ ಮುದುಕನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, “ಅಜ್ಜಾ, ಇವತ್ತು ಯಾವ ವಾರ?”, “ಅಜ್ಜಾ, ನಾನು ಯಾರು ಹೇಳು?” ಎಂದು ಕೇಳಿ ಕೇಳಿ ನಗುತ್ತಿದ್ದರು. ಕೆಟ್ಟವರಲ್ಲ, ಹೊತ್ತು ಹೋಗದವರು. ಅಪ್ಪನನ್ನು ಕೈಹಿಡಿದು ಮನೆಯೊಳಗೆ ತಂದ ಒಂದು ದಿನ ಆಯ್ತಣ್ಣ ಹೆಂಡತಿಗೆ ಹೇಳಿದ್ದ, “ಏ ಇವಳೇ, ನನಗೇನಾದ್ರೂ ಹೀಗಾದ್ರೆ ಊರಿಗೆ ಗೊತ್ತಾಗೋಕೆ ಬಿಡಬೇಡ. ನನ್ನ ಮಾತು ಅಂದ್ರೆ ಮಾತು ಅಂತ ಇರೋ ತನಕ ಇರಲಿ.” ಅವಳು ಆಗ ಎಳೆ ವಯಸ್ಸಿನವಳು. ಹಿಂದೆ ಮುಂದೆ ಯೋಚಿಸದೆ ಆಯ್ತು ಎಂದಿದ್ದಳು.

ಆ ಆಯ್ತು ಈಗ ಅವಳ ಹೆಗಲೇರಿತು. ತಲೆ ಹೋದರೂ ಸರಿ, ಈ ಉತ್ಸವ ನಡೆಯಬೇಕು, ಅವನ ಮಾತು ಸುಳ್ಳಾಗಬಾರದು. ಅದೊಂದೇ ಅವಳಿಗೆ ಬೇಕಾದದ್ದು.

ಅವನು ಹೇಳಿಬಂದ ಕಡೆಗೆಲ್ಲ ಅವಳು ಹಿಂದಿನಿಂದ ಹೋದಳು, ಅವನು ಹೇಳದೆ ಬಿಟ್ಟ ಕಡೆಗೆ ಮುಂದಾಗಿ ಹೋದಳು. ಸತ್ತ ಅಡುಗೆಯವನ ತಮ್ಮನನ್ನು ಹುಡುಕಿ, “ನಿಮ್ಮಣ್ಣ ಹೇಳಿದ್ದಾರೆ” ಎಂದಳು. ಯಾವ ಅಣ್ಣ ಎಂದು ಅವನು ಕೇಳಲಿಲ್ಲ, ಊರಿಗೆ ಇದ್ದದ್ದು ಒಬ್ಬನೇ ಅಣ್ಣ. ಕಾರಿನ ಡ್ರೈವರಿಗೆ, “ಅವರು ಏನೇ ಹೇಳಲಿ, ನನಗೊಂದು ಮಾತು ತಿಳಿಸಿ. ಯಾಕೆ ಅಂತ ಮಾತ್ರ ಕೇಳಬೇಡಿ” ಎಂದಳು. ಮನೆಯಲ್ಲಿ ತರಕಾರಿ ಹೆಚ್ಚುತ್ತಾ, ಹರಟೆಗೆಂಬಂತೆ ಕೇಳುತ್ತಿದ್ದಳು.

“ಆ ಕೊಳಲಿನವರಿಗೆ ಏನೋ ಆಗಿಬರಲ್ಲ ಅಂತಿದ್ರಲ್ಲ?”

“ಹಾಲು. ಕುಡಿದ್ರೆ ಉಸಿರು ಕಟ್ಟುತ್ತೆ. ಕೇಳಿದ್ರೂ ಕೊಡಬಾರದು, ಪಾಪ ಆಸೆ ಪಡ್ತಾರೆ.”

“ಮೆಟ್ಟಿಲು ಹತ್ತೋಕಾಗದವರು?”

ಅವನು ಪಟಪಟನೆ ಹೇಳುತ್ತಾ ಹೋಗುತ್ತಿದ್ದ. ಯಾರಿಗೆ ಮಂಡಿನೋವು, ಯಾರಿಗೆ ಫ್ಯಾನಿನ ಸದ್ದು ಆಗದು, ಯಾರು ಹಾಡುವ ಮೊದಲು ಏನೂ ತಿನ್ನದೆ ಆಮೇಲೆ ಮೂವರ ಊಟ ತಿನ್ನುತ್ತಾರೆ. ನಿನ್ನೆ ಮೊನ್ನೆಯದು ಇಲ್ಲ, ಹಳೆಯದೆಲ್ಲ ಹಾಗೇ ಇತ್ತು. ಅವನ ಹಿಂದಿನದು, ಅವಳ ಇಂದಿನದು, ಎರಡೂ ಸೇರಿ ಒಂದು ತಲೆಯಷ್ಟಾಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಿಬ್ಬರು ಅಷ್ಟು ಮಾತಾಡಿದ್ದು ಅದೇ ಮೊದಲು. ನಾಚಿಕೆಯಾಗುವಂಥ ಮಾತು, ಆದರೂ ಹೇಳಬೇಕು. ಆ ದಿನಗಳಲ್ಲಿ ಅವಳಿಗೆ ಒಮ್ಮೊಮ್ಮೆ ಸುಖವೆನಿಸುತ್ತಿತ್ತು.

ಉತ್ಸವ ಶುರುವಾಯಿತು. ಹಾಸ್ಟೆಲಿನ ಬಾಗಿಲಲ್ಲಿ ಮೇಜು ಹಾಕಿ ಆಯ್ತಣ್ಣನನ್ನು ಕೂರಿಸಿದಳು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಅವನೆಂದೂ ಬಳಸದ ಪೆನ್ನು. ತಾನು ಪಕ್ಕದಲ್ಲೇ ಒಂದು ಸ್ಟೂಲಿನ ಮೇಲೆ, ಹರಿದ ದಿಂಬಿನ ಚೀಲಗಳನ್ನು ಹೊಲಿಯುವ ನೆಪದಲ್ಲಿ. ಬಂದವರು ಅವನನ್ನು ಕೇಳುತ್ತಿದ್ದರು, ಅವನು ಆಯ್ತು ಎನ್ನುತ್ತಿದ್ದ, ಅವಳು ಸೂಜಿ ಚುಚ್ಚಿಟ್ಟು ಎದ್ದು ಹೋಗಿ ಅದನ್ನು ಆಗಿಸಿ ಬರುತ್ತಿದ್ದಳು. “ಅಣ್ಣ ಇದ್ದಾರೆ ಅಂದ್ರೆ ನಮಗೆ ತವರುಮನೆಗೆ ಬಂದ ಹಾಗೆ” ಎಂದು ಹಾಡುವ ಹೆಂಗಸರು ಹೊಗಳಿದರು.

ಒಂದೇ ಒಂದು ಎಡವಟ್ಟಾಯಿತು. ಪಿಟೀಲಿನವರು ಮತ್ತು ವೀಣೆಯವರು ಗಂಡಹೆಂಡತಿ, ಒಂದೇ ರೂಮು ಸಾಕು ಎಂದಿದ್ದ ಆಯ್ತಣ್ಣ. ಅತ್ತಿಗೆ ಎರಡು ಮಂಚ ಕೂಡಿಸಿ, ಅಗಲದ ಹೊದಿಕೆ ಹಾಸಿಟ್ಟಿದ್ದಳು. ಕಳೆದ ಉತ್ಸವ ಮುಗಿದ ಮೇಲೆ ಅವರಿಬ್ಬರು ಕೋರ್ಟಿಗೆ ಹೋಗಿ ಬೇರೆಯಾಗಿದ್ದರು. ಒಂದೇ ಬಾಗಿಲಿನ ಮುಂದೆ ಒಂದೇ ನಂಬರಿನ ಕೀಲಿ ಹಿಡಿದು ಇಬ್ಬರೂ ಎದುರುಬದುರಾಗಿ ನಿಂತರು. ಅತ್ತಿಗೆ ಓಡಿಬಂದು ಇನ್ನೊಂದು ಕೀಲಿ ಕೊಟ್ಟಳು. ಊಟದ ಹೊತ್ತಿಗೆ ಸುದ್ದಿ ಎಲ್ಲ ಮೇಜಿಗೂ ಮುಟ್ಟಿತ್ತು. “ಆಯ್ತಣ್ಣ ಮುರಿದ ಸಂಸಾರ ಜೋಡಿಸೋಕೆ ಹೊರಟಿದ್ದಾರೆ” ಎಂದು ಕಾರ್ಯದರ್ಶಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಕೆಂದೇ ಮಾಡಿದ ತಮಾಷೆ ಎಂದುಕೊಂಡರು ಎಲ್ಲರೂ. ಅತ್ತಿಗೆಯೂ ನಕ್ಕಳು, ಒಳಗೊಳಗೇ ಬೆವರಿದಳು.

ಕೊನೆಯ ದಿನದವರೆಗೆ ಹೀಗೇ ನಡೆಯಿತು. ಆ ದಿನ ಬೆಳಿಗ್ಗೆ ಮೇಲಿನ ಮಹಡಿಯ ಬಚ್ಚಲು ಕಟ್ಟಿಕೊಂಡು ನೀರು ಕಾರಿಡಾರಿಗೆ ಹರಿಯಿತು. ಗೊರಕೆಯವರು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದರು. ಅತ್ತಿಗೆ ನಲ್ಲಿ ರಿಪೇರಿಯವನನ್ನು ಕರೆದುಕೊಂಡು ಮೇಲೆ ಹೋದಳು. ಅವಳ ಸ್ಟೂಲು ಖಾಲಿಯಿದ್ದ ಆ ಹೊತ್ತಿನಲ್ಲೇ ದೊಡ್ಡಮ್ಮ ಮೇಜಿನ ಹತ್ತಿರ ಬಂದರು. ಆ ಸಂಜೆಯ ಕೊನೆಯ ಕಛೇರಿ ಅವರದು. ಅವರನ್ನು ಕೇಳಲೆಂದೇ ಅರ್ಧ ಜನ ವಾರವಿಡೀ ಉಳಿದಿದ್ದರು.

“ಅಣ್ಣಾ, ಊರಾಚೆ ನನ್ನ ಶಾಲೆ ಗೆಳತಿ ಇದ್ದಾಳೆ. ಹಾಸಿಗೆ ಹಿಡಿದಿದ್ದಾಳಂತೆ. ಹೋಗೋಕೆ ಆಟೋ ಇದೆ. ಮಧ್ಯಾಹ್ನ ಊಟ ಆದ್ಮೇಲೆ ಕರ್ಕೊಂಡು ಬರೋಕೆ ಕಾರು ಕಳಿಸ್ತೀರಾ? ಬಂದು ಸ್ವಲ್ಪ ಮಲಗಿ ಎದ್ದು ಹಾಡ್ತೀನಿ.”

“ಆಯ್ತು” ಎಂದ ಆಯ್ತಣ್ಣ.

ಕಾರು ಹೋಗಲಿಲ್ಲ. ದೊಡ್ಡಮ್ಮ ಗೆಳತಿಯ ಮನೆ ಬಾಗಿಲಲ್ಲಿ ಕಾದರು. ಅಣ್ಣ ಹೇಳಿದ ಮೇಲೆ ಬಂದೇ ಬರುತ್ತದೆ ಎಂದು ಬೇರೆ ಗಾಡಿ ಹಿಡಿಯಲಿಲ್ಲ. ಕಾರು ದಾರಿಯಲ್ಲೇ ಎದುರಾಗುತ್ತದೇನೋ ಎಂದು ಕೊನೆಗೆ ನಡೆಯತೊಡಗಿದರು. ಹಾಲ್‌ನ ಮೆಟ್ಟಿಲು ಮುಟ್ಟಿದಾಗ ಸೂರ್ಯ ಇಳಿಯುತ್ತಿದ್ದ. ಅವರ ಮುಖ ಬೆಂದು ಕೆಂಪಾಗಿತ್ತು, ನೀರು ಎಂದು ಕೇಳುವುದಕ್ಕೂ ಸ್ವರವಿರಲಿಲ್ಲ. ಮೆಟ್ಟಿಲ ಮೇಲೆಯೇ ಕುಸಿದು ಕೂತರು. ಹಲ್ಲಿನ ಡಾಕ್ಟರು ನಾಡಿ ಹಿಡಿದು ನೋಡಿ, ಇವತ್ತು ಹಾಡುವುದು ಸಾಧ್ಯವೇ ಇಲ್ಲ ಎಂದರು. ಇಡೀ ಸಭಾಂಗಣ ತುಂಬಿ ಕೂತಿತ್ತು.

ಕಲಾವಿದರ ಕೋಣೆಯಲ್ಲಿ ಸಮಿತಿಯವರೆಲ್ಲ ಆಯ್ತಣ್ಣನ ಸುತ್ತ ನಿಂತರು. ಕಾರ್ಯದರ್ಶಿ ದನಿಯೇರಿಸಿದರು. “ಆಯ್ತು ಅಂದ್ರಂತಲ್ಲ ಅಣ್ಣಾ! ನಿಮ್ಮ ಮಾತು ನಂಬಿ ಆ ವಯಸ್ಸಾದ ಹೆಂಗಸು ಬಿಸಿಲಲ್ಲಿ ನಡ್ಕೊಂಡು ಬಂದಿದಾರೆ. ಹೇಳಿ, ಕಾರು ಯಾಕೆ ಕಳಿಸಲಿಲ್ಲ?”

ಆಯ್ತಣ್ಣ ಅವರ ಮುಖವನ್ನೇ ನೋಡಿದ. ಯಾವ ಕಾರು ಎಂದು ಅವನ ಬಾಯಿ ಇನ್ನೇನು ಕೇಳಬೇಕು. ಅತ್ತಿಗೆ ನಡುವೆ ನುಗ್ಗಿದಳು.

“ನಂದೇ ತಪ್ಪು. ಅವರು ನನಗೆ ಹೇಳಿದ್ರು, ಡ್ರೈವರಿಗೆ ಹೇಳು ಅಂತ. ಬಚ್ಚಲಿನ ಗಡಿಬಿಡೀಲಿ ನಾನೇ ಮರೆತೆ. ಹೊಟ್ಟೆಗೆ ಹಾಕ್ಕೊಳ್ಳಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎಮ್ಮೆಯೇ ಬಂದು ಮೈಯೊಡ್ಡಿತು. ಬಿದ್ದವು ಬೈಗುಳಗಳು. ಇಂಥ ಜವಾಬ್ದಾರಿ ಅಣ್ಣ ಇವಳ ಕೈಗೆ ಕೊಟ್ಟದ್ದೇ ತಪ್ಪು ಎಂದರು ಒಬ್ಬರು. ಹಾಸಿಗೆ ದಿಂಬು ನೋಡಿಕೊಂಡರೆ ಸಾಕಿತ್ತು ಎಂದರು ಇನ್ನೊಬ್ಬರು. ಅವಳು ತಲೆ ತಗ್ಗಿಸಿ ಕೇಳಿದಳು. ಅದೆಲ್ಲ ಅವಳಿಗೆ ನಾಟಲಿಲ್ಲ. ನಾಟಿದ್ದು ಕೊನೆಗೆ ಗಂಡ ಅಂದ ಮಾತು. ಅವನು ನಿಜವಾಗಿಯೂ ಬೇಸರಪಟ್ಟುಕೊಂಡು, ತಲೆಯಲ್ಲಾಡಿಸಿ ಹೇಳಿದ.

“ಏನೇ ಇವಳೇ, ಅಷ್ಟೂ ನೆನಪಿರಲ್ವಾ ನಿನಗೆ?”

“ಇರಲ್ಲ ರೀ” ಎಂದಳು.

ದೊಡ್ಡಮ್ಮನ ಶಿಷ್ಯೆ ಹಾಡಿದಳು, ಅರ್ಧ ಸಭೆ ಎದ್ದು ಹೋಯಿತು. ಕೊನೆಗೆ ವಂದನೆ ಹೇಳಲು ಕಾರ್ಯದರ್ಶಿ ವೇದಿಕೆ ಹತ್ತಿದರು. ಸಿಟ್ಟು ಇಳಿದ ಮೇಲೆ ಅವರಿಗೆ ಹೆಂಗಸಿನ ಮೇಲೆ ಕೂಗಾಡಿದ್ದು ಚುಚ್ಚುತ್ತಿತ್ತು. ಮನುಷ್ಯ ಒಳ್ಳೆಯವರೇ. ಆಯ್ತಣ್ಣನನ್ನು ಮೇಲೆ ಕರೆದು, “ಈ ಸಲ ಅತ್ತಿಗೇನೂ ಕರೀಬೇಕು” ಎಂದರು ಮೈಕಿನಲ್ಲಿ. “ಇಷ್ಟು ವರ್ಷ ಅತ್ತಿಗೆ ಅತ್ತಿಗೆ ಅಂದು ಅಂದು ಅವರ ಹೆಸರೇ ನಮಗ್ಯಾರಿಗೂ ಗೊತ್ತಿಲ್ಲ, ನೋಡಿ ನಮ್ಮ ಯೋಗ್ಯತೆ. ಅಣ್ಣಾ, ನೀವೇ ಹೆಸರು ಹಿಡಿದು ಕರೀರಿ.”

ಮೈಕು ಆಯ್ತಣ್ಣನ ಬಾಯಿಯ ಮುಂದೆ ಬಂತು. ಅತ್ತಿಗೆ ವೇದಿಕೆಯ ಕೆಳಗೆ ನಿಂತಿದ್ದಳು. ಅವನು ಅವಳನ್ನು ನೋಡಿದ. ಜೇಬಿನಲ್ಲಿ ಬೀಗದ ಕೈ ತಡಕುವವನ ಹಾಗೆ ಅವನ ಕಣ್ಣು ಅವಳ ಮುಖದ ಮೇಲೆಲ್ಲ ತಡಕಾಡಿತು. ಸಭೆ ಕಾಯಿತು. ಕೊನೆಗೆ ಅವನು, “ಇವಳೇ...” ಎಂದ.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು, ನಮ್ಮನೆಯಲ್ಲೂ ಇದೇ ಕತೆ ಎಂದು. ಚಪ್ಪಾಳೆಯೋ ಚಪ್ಪಾಳೆ. ವಾರದಲ್ಲೇ ಅಂಥ ಚಪ್ಪಾಳೆ ಯಾರಿಗೂ ಬಿದ್ದಿರಲಿಲ್ಲ. ಅತ್ತಿಗೆ ಮೆಟ್ಟಿಲು ಹತ್ತಿ ಗಂಡನ ಪಕ್ಕ ನಿಂತಳು. ಯಾವಾಗ ಹೋಯಿತು ನನ್ನ ಹೆಸರು ಎಂದು ಯೋಚಿಸುತ್ತಿದ್ದಳು. ಈ ಬೇಸಿಗೆಯಲ್ಲೋ, ಕಳೆದ ಬೇಸಿಗೆಯಲ್ಲೋ? ತಿಳಿಯುವ ದಾರಿಯೇ ಇರಲಿಲ್ಲ. ಅವನು ಅದನ್ನು ಕರೆದವನೇ ಅಲ್ಲ.

“ಮುಂದಿನ ವರ್ಷಾನೂ ವ್ಯವಸ್ಥೆ ನಿಮ್ಮದೇ ಅಣ್ಣಾ” ಎಂದರು ಕಾರ್ಯದರ್ಶಿ.

“ಆಯ್ತು” ಎಂದ ಆಯ್ತಣ್ಣ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹಾಸ್ಟೆಲು ಖಾಲಿಯಾಗಿತ್ತು. ಅತ್ತಿಗೆ ರೂಮಿನಿಂದ ರೂಮಿಗೆ ಹೋಗಿ ಹೊದಿಕೆಗಳನ್ನು ಕಿತ್ತು ಬಾಗಿಲ ಬಳಿ ರಾಶಿ ಹಾಕುತ್ತಿದ್ದಳು. ದಿಂಬಿನಡಿ ಬಿಟ್ಟುಹೋದ ಕನ್ನಡಕ, ಒಂಟಿ ಕಾಲುಚೀಲ, ಗಂಟಲಿಗೆ ಹಾಕಿಕೊಳ್ಳುವ ಗುಳಿಗೆಗಳು. ಆಯ್ತಣ್ಣನನ್ನು ಒಂಟಿ ಬಿಡಬಾರದೆಂದು ಜೊತೆಗೇ ಕರೆದುಕೊಂಡು ಓಡಾಡುತ್ತಿದ್ದಳು. ದೊಡ್ಡಮ್ಮ ಇದ್ದ ರೂಮಿನಲ್ಲಿ ಅವನು ಬರಿಯ ಹಾಸಿಗೆಯ ಮೇಲೆ ಕೂತು ಅವಳು ಕೆಲಸ ಮಾಡುವುದನ್ನು ನೋಡುತ್ತಿದ್ದ. ಆಮೇಲೆ ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ, ಬಾಗಿಲ ಮೇಜಿನಲ್ಲಿ ಅತಿಥಿಗಳ ಜೊತೆ ಆಡುವ ದನಿಯಲ್ಲಿ ಕೇಳಿದ.

“ಎಲ್ಲಿಂದ ಬಂದ್ರಮ್ಮ ನೀವು? ವ್ಯವಸ್ಥೆ ಎಲ್ಲಾ ಸರಿ ಇತ್ತಾ?”

ಅವಳ ಕೈಯಲ್ಲಿದ್ದ ಹೊದಿಕೆ ಅಲ್ಲೇ ನಿಂತಿತು. ತಮಾಷೆಯೇನೋ ಎಂದು ಅವನ ಕಣ್ಣಿನಲ್ಲಿ ಹುಡುಕಿದಳು. ಅಲ್ಲಿದ್ದುದು ಮರ್ಯಾದೆ ಮಾತ್ರ.

“ಚೆನ್ನಾಗಿತ್ತು” ಎಂದಳು.

“ನಿಮ್ಮ ಹೆಸರು?”

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ತನ್ನ ಗಂಡನಿಗೆ ತನ್ನ ಹೆಸರು ಹೇಳಿದಳು. ಅವನ ಮುಖ ಅರಳಿತು.

“ಹೌದಾ! ನಮ್ಮನೆಯವಳದೂ ಇದೇ ಹೆಸರು. ಇಲ್ಲೇ ಎಲ್ಲೋ ಇರಬೇಕು, ದಿಂಬಿನ ಚೀಲ ಹೊಲೀತಾ. ಬಂದರೆ ಪರಿಚಯ ಮಾಡಿಸ್ತೀನಿ.”

ಹೆಸರು ಎಲ್ಲಿಗೂ ಹೋಗಿರಲಿಲ್ಲ. ಹೋದದ್ದು ಅವಳು. ಕಿಟಕಿಯಾಚೆ ಯಾರೋ ಉತ್ಸವದ ಬ್ಯಾನರು ಬಿಚ್ಚುತ್ತಿದ್ದರು, ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಅವಳು ಹೊದಿಕೆಯನ್ನು ಮಡಚಿದಳು, ಅಂಚಿಗೆ ಅಂಚು ಕೂಡಿಸಿ, ಒಗೆಯಲು ಹೋಗುವ ಬಟ್ಟೆಯನ್ನು ಯಾರೂ ಹಾಗೆ ಮಡಚುವುದಿಲ್ಲ.

ಆಯ್ತಣ್ಣ ಇನ್ನೂ ನಿಂತೇ ಇದ್ದ. ಅತಿಥಿ ಹೊರಡುವ ಮೊದಲು ಕೇಳಬೇಕಾದ್ದೊಂದು ಉಳಿದಿತ್ತು.

“ಊಟ ಆಯ್ತಾ ಅಮ್ಮ ನಿಮ್ಮದು?”

“ಆಯ್ತು” ಎಂದಳು ಅವಳು.